ಧೈರ್ಯ ಮತ್ತು ಎದೆಗಾರಿಕೆ

ಪ್ರಶ್ನೆ: ಮಲಯಾಳದ ‘ಚಂಕೂಟ್ಟಂ’ ಎಂಬ ಪದವನ್ನು ನಮ್ಮಲ್ಲಿ ಕೆಲವರು ‘ಧೈರ್ಯ’ ಎಂದೂ ಕೆಲವರು ‘ಎದೆಗಾರಿಕೆ’ ಎಂದೂ ಅನುವಾದಿಸುತ್ತಾರೆ. ಇವೆರಡೂ ಒಂದೇ ಅರ್ಥದ ಪದಗಳೇ? ಹೆಂಗಸರ ವಿಷಯದಲ್ಲಿ ‘ಎದೆಗಾರಿಕೆ’ಯನ್ನು ಬಳಸಬಹುದೇ?
– ಓದುಗರೊಬ್ಬರು, ಕುಂಬಳೆ

ಉತ್ತರ: ನಿಘಂಟುಗಳು ಒಂದರ ಅರ್ಥವಾಗಿ ಇನ್ನೊಂದನ್ನು ಕೊಡುವುದುಂಟು, ಬಳಕೆಯಲ್ಲಿ ಮಾತ್ರ ಅವು ಬೇರೆ ಬೇರೆ. ಆಪರೇಷನ್ನಿಗೆ ಹೊರಟವರಿಗೆ ಧೈರ್ಯ ಹೇಳುತ್ತೇವೆ, ಪರೀಕ್ಷೆಗೆ ಹೆದರಿದ ಮಗುವಿಗೆ ಧೈರ್ಯ ತುಂಬುತ್ತೇವೆ, ಒಬ್ಬರೇ ಇರಲು ಅಂಜುವವರ ಮನೆಯಲ್ಲಿ ಧೈರ್ಯಕ್ಕೆಂದು ಹೋಗಿ ಮಲಗುತ್ತೇವೆ. ಆದರೆ ಯಾರಿಗಾದರೂ ‘ಎದೆಗಾರಿಕೆ ಹೇಳಿ ಬಂದೆ’ ಎಂದರೆ ಕನ್ನಡದ ಕಿವಿ ಒಪ್ಪುವುದಿಲ್ಲ. ಧೈರ್ಯವನ್ನು ಹೊರಗಿನಿಂದ ಕೊಡಬಹುದು, ಎದೆಗಾರಿಕೆ ಆಳಿನೊಳಗೇ ಇರಬೇಕು. ಎದುರಿಗಿರುವ ಅಪಾಯವನ್ನು ಬಲ್ಲವನು ತನ್ನ ಮೇಲಿನ ನಂಬಿಕೆಯಿಂದ ಮುಂದಡಿಯಿಟ್ಟಾಗ ಸಲ್ಲುವ ಪದವದು.

ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಾದ ನಿಮಗೆ ತಾಳಮದ್ದಳೆಯ ಉದಾಹರಣೆಯೇ ಹತ್ತಿರವಾದೀತು. ಚಕ್ರವ್ಯೂಹವನ್ನು ಹೊಗಲು ತಿಳಿದಿದ್ದು ಹೊರಬರಲು ತಿಳಿಯದ ಅಭಿಮನ್ಯು, ಅದನ್ನು ಧರ್ಮರಾಯನಿಗೆ ಹೇಳಿಯೇ ಹೊರಟನಲ್ಲ, ಅದು ಎದೆಗಾರಿಕೆ. ಅಂತಃಪುರದಲ್ಲಿ ಪೌರುಷ ಕೊಚ್ಚಿ, ಕೌರವಸೇನೆಯನ್ನು ಕಂಡೊಡನೆ ರಥದಿಂದಿಳಿದು ಓಡಿದ ಉತ್ತರಕುಮಾರನಿಗೆ ಅದಿರಲಿಲ್ಲ. ಬೃಹನ್ನಳೆ ಅವನನ್ನು ಹಿಡಿದು ತಂದು, ಧೈರ್ಯ ಹೇಳಿ, ಸಾರಥಿಯಾಗಿಸಬೇಕಾಯಿತು.

‘ಚಂಕೂಟ್ಟಂ’ ಪದದಲ್ಲಿ ಸವಾಲಿನ ಧ್ವನಿ ಹೆಚ್ಚು. ‘ಚಂಕೂಟ್ಟಂ ಇದ್ದರೆ ಎದುರು ಬಾ’ ಎನ್ನುವಂಥ ಕಡೆ ಎದೆಗಾರಿಕೆಗಿಂತ ‘ಛಾತಿ’ ಚೆನ್ನಾಗಿ ಹೊಂದುತ್ತದೆ. ಹಿಂದಿ, ಮರಾಠಿಗಳಲ್ಲಿ ಛಾತಿ ಎಂದರೆ ಎದೆ; ಕನ್ನಡದಲ್ಲಿ ಅದು ಹೆಚ್ಚಾಗಿ ಕೆಚ್ಚಿನ ಅರ್ಥದಲ್ಲೇ ನಿಂತಿದೆ. ಒಬ್ಬರ ನಡತೆಯನ್ನು ಮೆಚ್ಚಿ ಹೇಳುವಲ್ಲಿ ಮಾತ್ರ ಎದೆಗಾರಿಕೆಯೇ ಇರಲಿ.

ಇನ್ನು ಹೆಂಗಸರ ವಿಷಯ. ‘ಎದೆ’ಗೆ ‘ಗಾರ’ ಸೇರಿ ಎದೆಗಾರ, ಅದಕ್ಕೆ ‘ಇಕೆ’ ಸೇರಿ ಎದೆಗಾರಿಕೆ. ಮಾತುಗಾರಿಕೆಯಂತೆ ಇದೂ ಭಾವನಾಮ, ಇಬ್ಬರಿಗೂ ಸಲ್ಲುತ್ತದೆ. ವ್ಯಕ್ತಿಯನ್ನೇ ಹೇಳುವಾಗ ‘ಎದೆಗಾರ್ತಿ’ ಎಂಬ ಸೊಗಸಾದ ರೂಪವಿರಲು ‘ಮಹಿಳಾ ಎದೆಗಾರ’ ಎಂದು ತಿಣುಕಬೇಕಾಗಿಲ್ಲ.