ತಂಗಡಿ ಹೂವು: ಬಟ್ಟೆಗೆ ಸರಿ, ಸಕ್ಕರೆ ಕಾಯಿಲೆಗೆ?

ಈ ಸಲ ಬಂದ ಪತ್ರಗಳಲ್ಲಿ ತಂಗಡಿ ಗಿಡದ್ದೇ ಜಾಸ್ತಿ. ಕೆಲವರು ಆವರಿಕೆ ಅಂತ ಬರೆದಿದ್ದಾರೆ, ಎರಡೂ ಒಂದೇ.

ಪ್ರಶ್ನೆ: ನಮ್ಮ ಹೊಲದ ಬದುವಿನಲ್ಲಿ ತಂಗಡಿ ಬೇಕಾದಷ್ಟಿದೆ. ಹೂವು ಕುದಿಸಿ ಹಳೆ ಪಂಚೆಯೊಂದನ್ನು ಅದ್ದಿದೆ. ಹಳದಿ ಚೆನ್ನಾಗೇ ಬಂತು, ಆದರೆ ಒಂದೇ ಒಗೆತಕ್ಕೆ ಎಲ್ಲಾ ಹೋಯಿತು. ಯಾಕೆ? – ಕುಷ್ಟಗಿಯ ಓದುಗರು

ಉತ್ತರ: ಹೂವಿನ ತಪ್ಪಲ್ಲ, ನೀವು ಪಟಿಕ ಹಾಕಿಲ್ಲ ಅಷ್ಟೇ. ಈ ಹಳದಿ ತಾನಾಗಿ ನೂಲಿಗೆ ಕಚ್ಚಿಕೊಳ್ಳಲ್ಲ. ರೇಷ್ಮೆ, ಉಣ್ಣೆಗಾದರೆ ಪಟಿಕವೊಂದೇ ಸಾಕು. ಹತ್ತಿ ಮೊಂಡು, ಪಟಿಕವನ್ನೂ ಸರಿಯಾಗಿ ಹಿಡಿಯಲ್ಲ, ಅದಕ್ಕೇ ಮೊದಲು ಅಳಲೆಕಾಯಿಯ ಒಗರು ಕುಡಿಸಬೇಕು.

ಪಂಚೆಯನ್ನು ಸ್ವಲ್ಪ ವಾಷಿಂಗ್ ಸೋಡಾ ಹಾಕಿದ ನೀರಲ್ಲಿ ಕುದಿಸಿ, ಗಂಜಿ, ಎಣ್ಣೆ ಜಿಡ್ಡು ಎಲ್ಲಾ ಬಿಡಲಿ. ಒಣ ಬಟ್ಟೆ 100 ಗ್ರಾಂ ಇದ್ದರೆ ಅಳಲೆಕಾಯಿ ಪುಡಿ ಸುಮಾರು 20 ಗ್ರಾಂ. ಬಿಸಿ ನೀರಲ್ಲಿ ಕದಡಿ, ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹಿಂಡಿ, ಜಾಲಿಸದೆ ಒಣಗಿಸಿ. ಆಮೇಲೆ 15 ಗ್ರಾಂ ಪಟಿಕ ಕರಗಿಸಿದ ನೀರಲ್ಲಿ ಇನ್ನೊಂದು ರಾತ್ರಿ. ಇಷ್ಟಾದ ಮೇಲೆ ಹೂವು. ಒಣ ಹೂವಾದರೆ ಬಟ್ಟೆಯಷ್ಟೇ ತೂಕ, ಹಸಿಯದಾದರೆ ಅದಕ್ಕಿಂತ ಸಾಕಷ್ಟು ಜಾಸ್ತಿ. ಕುದಿಸಿ ಸೋಸಿ, ಆ ನೀರಲ್ಲಿ ಬಟ್ಟೆಯನ್ನು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಇಡಿ, ತಿರುವುತ್ತಾ ಇರಿ, ಇಲ್ಲದಿದ್ದರೆ ಕಲೆ ಕಲೆಯಾಗಿ ಕೂರುತ್ತದೆ.

ಪಾತ್ರೆ ಸ್ಟೀಲಿನದೇ ಇರಲಿ. ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಒಗರಿಗೂ ಕಬ್ಬಿಣಕ್ಕೂ ಸೇರಿ ಹಳದಿ ಹೋಗಿ ಮಸುಕು ಹಸಿರು, ಬೂದು ಬರುತ್ತದೆ. ಅದೇ ಬಣ್ಣ ಬೇಕೆಂದು ಬೇಕಂತಲೇ ತುಕ್ಕು ಮೊಳೆ ನೆನೆಸಿದ ನೀರು ಹಾಕುವವರೂ ಇದ್ದಾರೆ, ನನಗಂತೂ ಆ ಹಸಿರೇ ಇಷ್ಟ. ಆದರೆ ಕಬ್ಬಿಣ ಜಾಸ್ತಿಯಾದರೆ ನೂಲು ಸವೆದು ಹರಿಯುತ್ತದೆ, ಹುಷಾರು. ನೆರಳಲ್ಲಿ ಒಣಗಿಸಿ, ಸೀಗೆಕಾಯಿಯಲ್ಲಿ ಅಥವಾ ಅಂಟುವಾಳದಲ್ಲಿ ಒಗೆಯಿರಿ. ಇಷ್ಟೆಲ್ಲಾ ಮಾಡಿದರೂ ನಮ್ಮ ಕಡೆಯ ಬಿಸಿಲಿಗೆ ಹೂವಿನ ಹಳದಿ ನಿಧಾನಕ್ಕೆ ಮಂಕಾಗುತ್ತದೆ, ಬಳ್ಳಾರಿ ಜೀನ್ಸ್ ತರ ವರ್ಷಗಟ್ಟಲೆ ಬಾಳಿಕೆ ಕೇಳಬೇಡಿ.

ಪ್ರಶ್ನೆ: ಅಮ್ಮನಿಗೆ ಶುಗರ್ ಇದೆ. ಯಾರೋ ಹೇಳಿದರೆಂದು ದಿನಾ ತಂಗಡಿ ಹೂವಿನ ಕಷಾಯ ಕುಡಿಯುತ್ತಾರೆ. ಈಗ ಮಾತ್ರೆ ಬಿಡುತ್ತೇನೆ ಅಂತ ಹಟ. ಬಿಡಬಹುದಾ? – ರಾಯಚೂರಿನ ಓದುಗರು

ಉತ್ತರ: ಬಿಡಬಾರದು. ಈ ಹೂವಿಗೆ ಸಕ್ಕರೆ ಇಳಿಸುವ ಗುಣವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ತಮಿಳುನಾಡು, ಶ್ರೀಲಂಕಾದಲ್ಲೂ ಜನ ಇದನ್ನು ಚಹಾದ ಹಾಗೆ ಕುಡಿಯುತ್ತಾರೆ, ಪ್ರಯೋಗಾಲಯದ ಇಲಿಗಳಲ್ಲಿ ಸಕ್ಕರೆ ಇಳಿದದ್ದೂ ನಿಜ. ಆದರೆ ಇಲಿಗೆ ಕೊಟ್ಟದ್ದು ಅಳೆದು ತೂಗಿದ ಸಾರ, ಅಮ್ಮ ಕುಡಿಯುವುದು ಕೈಗೆ ಬಂದಷ್ಟು ಹೂವು. ಇನ್ನೊಂದು ವಿಷಯ, ಮಾತ್ರೆಯ ಜೊತೆ ಇದೂ ಸೇರಿದರೆ ಸಕ್ಕರೆ ತೀರಾ ಕೆಳಗಿಳಿಯಬಹುದು. ಮೈ ಬೆವರಿ, ಕೈ ನಡುಗಿ, ತಲೆ ಸುತ್ತಿದರೆ ಆ ಕ್ಷಣವೇ ಸಕ್ಕರೆ ನೀರು ಕೊಡಿ. ಕಷಾಯದ ವಿಷಯ ಡಾಕ್ಟರಿಗೆ ಮುಚ್ಚಿಡಬೇಡಿ, ಬೈದರೆ ಬೈಯಲಿ. ಮೂರು ತಿಂಗಳ ಸಕ್ಕರೆ ಸರಾಸರಿ ತೋರಿಸುವ ಎಚ್‌ಬಿಎ1ಸಿ ಟೆಸ್ಟ್ ಮಾಡಿಸಿ, ಅಮ್ಮನ ಹಟಕ್ಕೆ ಆ ಚೀಟಿಯೇ ಉತ್ತರ ಹೇಳಲಿ.

ಫಿಟ್ಸ್‌ಗೆ ಕಾರ್ಬಮಜೆಪೈನ್ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ ಅವರಿಗೆ ಈ ಚಹಾ ಬೇಡವೇ ಬೇಡ. ಇಲಿಗಳಲ್ಲಿ ಆ ಮಾತ್ರೆಯ ಪ್ರಮಾಣ ರಕ್ತದಲ್ಲಿ ಏರಿದ್ದು ಕಂಡಿದೆ. ಬಸುರಿಯರಿಗೂ ಬೇಡ.

ಪ್ರಶ್ನೆ: ರಸ್ತೆ ಬದಿಯಲ್ಲಿ ಹಳದಿ ಹೂವಿನ ಗಿಡ ಹತ್ತಾರು ತರ ಇವೆ. ತಂಗಡಿ ಯಾವುದು ಅಂತ ಗುರುತಿಸುವುದು ಹೇಗೆ? – ಸಂಡೂರಿನ ಓದುಗರು

ಉತ್ತರ: ಎಲೆ ಕಡ್ಡಿ ಕೊಂಬೆಗೆ ಸೇರುವ ಜಾಗ ನೋಡಿ. ತಂಗಡಿಗೆ ಅಲ್ಲಿ ಕಿವಿಯ ಆಕಾರದ ಅಗಲವಾದ ಪುಟ್ಟ ಎಲೆ ಇರುತ್ತದೆ. ಕಾಯಿ ಚಪ್ಪಟೆ, ಒಣಗಿದಾಗ ಕಾಗದದಷ್ಟು ತೆಳು. ಮೋಸ ಮಾಡುವುದು ದೊಡ್ಡ ತಗಚೆ, ಸೆನ್ನಾ ಆಕ್ಸಿಡೆಂಟಾಲಿಸ್. ಅದರ ಎಲೆ ದೊಡ್ಡದು, ತುದಿ ಚೂಪು, ಉಜ್ಜಿದರೆ ಕೆಟ್ಟ ವಾಸನೆ. ಅದರ ಬೀಜ ತಿಂದು ಪಶ್ಚಿಮ ಉತ್ತರ ಪ್ರದೇಶದಲ್ಲಿ ಚಿಕ್ಕ ಮಕ್ಕಳು ಸತ್ತಿದ್ದಾರೆ, ಯಕೃತ್ತು, ಮೆದುಳು, ಸ್ನಾಯು ಎಲ್ಲಕ್ಕೂ ಏಟು ಬೀಳುತ್ತದೆ. ಮನೆ ಹತ್ತಿರ ಇದ್ದರೆ ಕಿತ್ತು ಹಾಕಿ.

ಪ್ರಶ್ನೆ: ಚವಳು (ಉಪ್ಪು ಹಿಡಿದ) ಗದ್ದೆಗೆ ತಂಗಡಿ ಸೊಪ್ಪು ತುಳಿಸುತ್ತಿದ್ದರು ಅಂತ ಅಜ್ಜ ಹೇಳುತ್ತಾರೆ. ನಿಜವಾ? – ಗಂಗಾವತಿಯ ಓದುಗರು

ಉತ್ತರ: ನಿಜ, ಹಳೆ ಪದ್ಧತಿ. ಆದರೆ ನೀರು ಬಸಿಯಲು ಕಾಲುವೆ ಇಲ್ಲದಿದ್ದರೆ ಸೊಪ್ಪಿನಿಂದಷ್ಟೇ ಚವಳು ಹೋಗಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ಜಿಪ್ಸಮ್ ಬೇಕಾಗಬಹುದು.

ಪ್ರಶ್ನೆ: ತೊಗಟೆ ಕೇಳಿಕೊಂಡು ಒಬ್ಬರು ಬಂದಿದ್ದರು. ಕೊಡಬಹುದಾ? – ಯಲಬುರ್ಗಾದ ಓದುಗರು

ಉತ್ತರ: ಚರ್ಮ ಹದ ಮಾಡಲು ಇರಬೇಕು. ತೊಗಟೆಯಲ್ಲಿ ಒಗರು ತುಂಬಾ ಇದೆ, ಮದ್ರಾಸ್ ಕಡೆಯ ಹದಗಾರರು ಒಂದು ಕಾಲದಲ್ಲಿ ಇದನ್ನೇ ನಂಬಿದ್ದರು, ಆಮೇಲೆ ದಕ್ಷಿಣ ಆಫ್ರಿಕಾದ ವಾಟಲ್ ತೊಗಟೆ ಬಂದು ಇದರ ಬೇಡಿಕೆ ಕುಸಿಯಿತು. ಕೊಡುವುದಾದರೆ ನಿಂತ ಗಿಡದ ತೊಗಟೆ ಸುತ್ತಲೂ ಸುಲಿಯಲು ಬಿಡಬೇಡಿ, ಗಿಡ ಸಾಯುತ್ತದೆ. ಕೊಂಬೆ ಕತ್ತರಿಸಿ ಸುಲಿಯಲಿ, ಬುಡದಿಂದ ಮತ್ತೆ ಚಿಗುರುತ್ತದೆ. ರೇಟು ಮೊದಲೇ ಮಾತಾಡಿ.