ತೀರಿಹೋದವರ ಜತೆ ಮನಸ್ಸಿನಲ್ಲೇ ಮಾತಾಡುವುದು ತಪ್ಪಾ?

ನಿಮಗೆ 71 ವರ್ಷ. ಪತ್ನಿ ತೀರಿಕೊಂಡು ಮೂರು ವರ್ಷ ಆಗಿದೆ. ಈಗಲೂ ಮನಸ್ಸಿನಲ್ಲೇ ಅವರ ಜತೆ ಮಾತಾಡುತ್ತೀರಿ. ಮಕ್ಕಳು ‘ಅಪ್ಪಾ, ಇನ್ನಾದರೂ ಮರೀರಿ’ ಅನ್ನುತ್ತಾರೆ. ಇದು ತಪ್ಪಾ, ಈ ವಯಸ್ಸಿನಲ್ಲಿ ಉಳಿದವರ ಜತೆ ಬೆರೆಯೋದು ಹೇಗೆ ಅಂತ ಕೇಳಿದ್ದೀರಿ.

ತಪ್ಪಲ್ಲ. ಖಂಡಿತ ತಪ್ಪಲ್ಲ. ನಾನೂ ಮಾತಾಡುತ್ತೇನೆ, ಕೆಲವೊಮ್ಮೆ ಬಾಯಿ ಬಿಟ್ಟೇ.

ನಮ್ಮ ಯಜಮಾನರು ಹೋಗಿ ಬಹಳ ವರ್ಷಗಳಾದವು. ಮನೆಯ ಫ್ಯೂಸ್ ಬಾಕ್ಸಿನೊಳಗೆ ಒಂದೊಂದು ಸ್ವಿಚ್ಚಿನ ಕೆಳಗೂ ಅವರು ಚೀಟಿ ಅಂಟಿಸಿದ್ದರು. ‘ಹಾಲ್’, ‘ಮಹಡಿ ರೂಮು’, ‘ಪಂಪು’. ಕೊನೆಯದರ ಕೆಳಗೆ ಕೆಂಪು ಪೆನ್ನಿನಲ್ಲಿ ‘ಇದನ್ನು ಮುಟ್ಟಬೇಡ’. ಅದು ನನಗೇ ಬರೆದದ್ದು. ಮನೆಯಲ್ಲಿ ಬೇರೆ ಯಾರೂ ಆ ಬಾಕ್ಸಿನ ಹತ್ತಿರ ಹೋಗುತ್ತಿರಲಿಲ್ಲ. ಈಚೆಗೆ ಬಾಕ್ಸ್ ಬದಲಾಯಿಸಬೇಕಾಗಿ ಬಂತು. ಎಲೆಕ್ಟ್ರಿಷಿಯನ್ ಹುಡುಗ ಹೊಸ ಸ್ಟಿಕ್ಕರ್ ತಂದಿದ್ದ. ಬೇಡಪ್ಪಾ ಅಂದು, ಹಳೆಯ ಚೀಟಿಗಳನ್ನು ಬ್ಲೇಡಿನಿಂದ ಮೆಲ್ಲಗೆ ಎಬ್ಬಿಸಿ ಹೊಸ ಬಾಕ್ಸಿಗೆ ಅಂಟಿಸಿದೆ. ‘ಪಂಪು’ ಚೀಟಿಯ ಒಂದು ಮೂಲೆ ಹರಿಯಿತು, ಅಷ್ಟೆ. ಕರೆಂಟ್ ಹೋದಾಗ ಟಾರ್ಚ್ ಹಿಡಿದು ಅದರ ಮುಂದೆ ನಿಂತರೆ ‘ಮುಟ್ಟಲ್ಲ ಬಿಡಿ’ ಅಂತ ಹೇಳಿಯೇ ಹೇಳುತ್ತೇನೆ. ಹೇಳಿದರೆ ಏನೋ ಸಮಾಧಾನ. ಅದನ್ನು ಯಾಕೆ ಬಿಡಬೇಕು ಹೇಳಿ?

ನಮ್ಮ ಹಾಗೆ ಇರುವವರು ಬಹಳ ಜನ. ಡೆವಿ ರೀಸ್ ಅನ್ನುವ ವೈದ್ಯರು ವೇಲ್ಸ್‌ನಲ್ಲಿ ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ 293 ಜನರನ್ನು ಮಾತಾಡಿಸಿ, 1971ರಲ್ಲಿ ಅದರ ವರದಿ ಪ್ರಕಟಿಸಿದರು. ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಇಂಥ ಒಂದಲ್ಲ ಒಂದು ಅನುಭವ ಆಗಿತ್ತು. ಅವರಲ್ಲಿ ಹೆಚ್ಚಿನವರಿಗೆ ಹೋದವರು ಹತ್ತಿರದಲ್ಲೇ ಇದ್ದ ಹಾಗೆ ಅನ್ನಿಸಿತ್ತು. ಕೆಲವರಿಗೆ ದನಿ ಕೇಳಿಸಿತ್ತು, ಕೆಲವರು ಮಾತಾಡಿಯೂ ಇದ್ದರು. ಬಹಳಷ್ಟು ಜನ ಇದರಿಂದ ತಮಗೆ ಒಳ್ಳೆಯದೇ ಆಯಿತು ಅಂದರು. ಆದರೆ ಹೆಚ್ಚಿನವರು ಅದನ್ನು ಅಲ್ಲಿಯವರೆಗೆ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ನನಗೆ ಬೇಜಾರಾಗುವುದು ಇದೊಂದೇ. ಇಷ್ಟು ಜನಕ್ಕೆ ಆಗುವಂಥದ್ದನ್ನು ಒಬ್ಬೊಬ್ಬರೂ ಒಳಗೇ ಇಟ್ಟುಕೊಂಡು ‘ನನಗೇ ಏನೋ ಆಗಿದೆ’ ಅಂದುಕೊಂಡು ಕೂರುತ್ತೇವೆ.

ಮರೆತರೇ ವಾಸಿ ಅನ್ನುವ ಮಾತಿಗೆ ದೊಡ್ಡವರ ಬೆಂಬಲವೂ ಇತ್ತು. ಹೋದವರಿಂದ ಮನಸ್ಸನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸಿಕೊಳ್ಳುವುದೇ ಶೋಕದ ಕೆಲಸ ಅಂತ ಮನೋವಿಶ್ಲೇಷಣೆಗೆ ಹೆಸರಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್ 1917ರಲ್ಲಿ ಬರೆದರು. 1920ರಲ್ಲಿ ಅವರ ಮಗಳು ಸೋಫಿ ಜ್ವರದಲ್ಲಿ ತೀರಿಕೊಂಡಳು. 1929ರಲ್ಲಿ, ಅವಳಿದ್ದಿದ್ದರೆ 36 ತುಂಬುತ್ತಿದ್ದ ದಿನ, ಮಗನನ್ನು ಕಳೆದುಕೊಂಡ ಗೆಳೆಯರೊಬ್ಬರಿಗೆ ಅವರೊಂದು ಕಾಗದ ಬರೆದರು. ದುಃಖದ ಉರಿ ಆರುತ್ತದೆ, ಆದರೆ ಹೋದವರ ಜಾಗಕ್ಕೆ ಇನ್ನೊಬ್ಬರು ಬರುವುದಿಲ್ಲ, ಹಾಗೇ ಇರಬೇಕಾದದ್ದು, ಆ ಪ್ರೀತಿಯನ್ನು ಉಳಿಸಿಕೊಳ್ಳುವ ದಾರಿಯೇ ಅದು ಅನ್ನುವ ಅರ್ಥದ ಮಾತು ಅದರಲ್ಲಿದೆ. ಈ ಎರಡರಲ್ಲಿ ಮಗಳನ್ನು ಕಳೆದುಕೊಂಡ ಅಪ್ಪನ ಮಾತನ್ನೇ ನಾನು ನಂಬುತ್ತೇನೆ.

ಇನ್ನು ನಿಮ್ಮ ಮಕ್ಕಳು. ಅವರ ಮೇಲೆ ಸಿಟ್ಟಾಗಬೇಡಿ. ಅವರು ಅಮ್ಮನನ್ನು ಕಳೆದುಕೊಂಡವರು ಅಲ್ವಾ? ಅಪ್ಪನ ಮುಖ ಬಾಡುತ್ತೆ ಅಂತ ಅವರು ಅಮ್ಮನ ಮಾತೆತ್ತುವುದಿಲ್ಲ. ಮಕ್ಕಳು ನೊಂದುಕೊಳ್ಳುತ್ತಾರೆ ಅಂತ ನೀವು ಎತ್ತುವುದಿಲ್ಲ. ಹೀಗೇ ಆದರೆ ನಿಮ್ಮ ಪತ್ನಿಯ ಹೆಸರೇ ಮನೆಯಲ್ಲಿ ನಿಂತುಹೋಗುತ್ತದೆ. ಒಂದು ದಿನ ನೇರವಾಗಿ ಕೇಳಿಬಿಡಿ, ‘ಅಮ್ಮನ ವಿಷಯ ಮಾತಾಡಿದರೆ ನಿಮಗೆ ಕಷ್ಟ ಆಗುತ್ತಾ?’ ಅಂತ. ಬಹುಶಃ ಅವರೂ ಅದನ್ನೇ ಕಾಯುತ್ತಿರಬಹುದು.

ಉಳಿದವರ ಜತೆ ಬೆರೆಯೋದು ಅಂದರೆ ಸುಮ್ನೆ ಹೊಸಬರ ಗುಂಪು ಸೇರೋದು ಅಂತ ಅಂದುಕೊಳ್ಳಬೇಡಿ. ವಯಸ್ಸಾದಂತೆ ಬಳಗ ಚಿಕ್ಕದಾಗುವುದು ಸಹಜ. ಇರುವ ಕಾಲ ಕಡಿಮೆ ಅನ್ನಿಸಿದಾಗ ಮನುಷ್ಯ ತಾನಾಗಿಯೇ ಮನಸ್ಸಿಗೆ ಹತ್ತಿರದ ಕೆಲವರನ್ನು ಆರಿಸಿಕೊಳ್ಳುತ್ತಾನೆ ಅನ್ನುತ್ತಾರೆ, ಈ ವಿಷಯವನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿರುವ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲಾರಾ ಕಾರ್ಸ್ಟೆನ್ಸನ್. ಹಾಗಾಗಿ ಯಾರೊಬ್ಬರೂ ಬೇಡ ಅನ್ನಿಸಿದರೆ ಮಾತ್ರ ಯೋಚನೆ ಮಾಡಬೇಕು. ಜಾಸ್ತಿ ಜನ ಬೇಡ ಅನ್ನಿಸಿದರೆ ಅದೇನೂ ಕೊರತೆಯಲ್ಲ.

ನನಗೆ ಹಾಗೆ ಉಳಿದ ಕೆಲವರಲ್ಲಿ ಒಬ್ಬರು ನಮ್ಮ ಅತ್ತಿಗೆ, ಯಜಮಾನರ ಅಕ್ಕ. ಯಜಮಾನರಿದ್ದಾಗ ನಮ್ಮಿಬ್ಬರ ನಡುವೆ ಅಂಥ ಒಡನಾಟ ಇರಲಿಲ್ಲ. ಹಬ್ಬಕ್ಕೋ ಮದುವೆಗೋ ಸಿಕ್ಕಾಗ ಚೆನ್ನಾಗಿದ್ದೀರಾ, ಚೆನ್ನಾಗಿದ್ದೀನಿ, ಅಷ್ಟಕ್ಕೇ ಮುಗಿಯುತ್ತಿತ್ತು. ಈಗ ವಾರಕ್ಕೊಮ್ಮೆಯಾದರೂ ಫೋನು. ಅವರಿಗೆ ಕಿವಿ ಅಷ್ಟಕ್ಕಷ್ಟೆ, ಹೇಳಿದ್ದನ್ನೇ ಹೇಳಬೇಕು. ಆದರೆ ನನ್ನ ಹತ್ತಿರ ಇಲ್ಲದ್ದು ಅವರ ಹತ್ತಿರ ಇದೆ. ಶಾಲೆಗೆ ಹೋಗಲ್ಲ ಅಂತ ಬಾಗಿಲ ಹಿಂದೆ ಅಡಗಿ ಕೂರುತ್ತಿದ್ದ ತಮ್ಮ ಅವರಿಗೆ ಗೊತ್ತು. ಐವತ್ತು ದಾಟಿದ ಮೇಲೆ ಈಜು ಕಲಿತ ಮನುಷ್ಯ ನನಗೆ ಗೊತ್ತು. ಇಬ್ಬರೂ ಕೂಡಿದರೆ ಪೂರ್ತಿ ಒಬ್ಬರು. ನಗುತ್ತೇವೆ. ಕೆಲವು ಸಲ ಅವರು ಅಳುತ್ತಾರೆ, ನಾನು ಫೋನ್ ಹಿಡಿದುಕೊಂಡೇ ಇರುತ್ತೇನೆ. ಈ ಸ್ನೇಹವನ್ನು ನಮಗೆ ಕೊಟ್ಟುಹೋದವರು ಯಜಮಾನರೇ ಅಂತ ನನ್ನ ನಂಬಿಕೆ.

ಒಂದು ಮಾತು ಮಾತ್ರ ನೆನಪಿರಲಿ. ಊಟ ನಿದ್ದೆ ಕೆಟ್ಟುಹೋಗಿದ್ದರೆ, ಏಳುವುದಕ್ಕೇ ಮನಸ್ಸಿಲ್ಲದಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಮನೋವೈದ್ಯರನ್ನು ಕಾಣಿ, ತಡ ಮಾಡಬೇಡಿ. ತಿಂಗಳುಗಟ್ಟಲೆ ಇಳಿಯದೆ ದಿನನಿತ್ಯದ ಬದುಕನ್ನೇ ಕಟ್ಟಿಹಾಕುವ ಶೋಕವನ್ನು ವಿಶ್ವ ಆರೋಗ್ಯ ಸಂಸ್ಥೆ ಈಗ ಚಿಕಿತ್ಸೆ ಬೇಕಾದ ತೊಂದರೆ ಅಂತಲೇ ಗುರುತಿಸಿದೆ. ಮನಸ್ಸಿನಲ್ಲಿ ಮಾತಾಡುವುದೇ ಬೇರೆ, ಇದೇ ಬೇರೆ.

ನಿಮ್ಮ ಪತ್ನಿಯನ್ನು ನಿಮಗಿಂತ ಮೊದಲಿಂದ ಬಲ್ಲವರು ಯಾರಾದರೂ ಇದ್ದಾರಾ? ತಂಗಿ, ತಮ್ಮ, ಜತೆಗೆ ಓದಿದ ಗೆಳತಿ? ಇದ್ದರೆ ಈ ವಾರವೇ ಫೋನ್ ಮಾಡಿ. ಮೊದಲ ಸಲ ಏನು ಹೇಳಬೇಕು ಅಂತ ತೋಚುವುದಿಲ್ಲ. ನಾನು ಅತ್ತಿಗೆಗೆ ಕೇಳಿದ್ದನ್ನೇ ನೀವೂ ಕೇಳಬಹುದು: ‘ಚಿಕ್ಕವರಿದ್ದಾಗ ಹೇಗಿದ್ದರು?’