ಅಂತರವೊಂದರಿಂದ ವ್ಯಾಟ್ ಲೆಕ್ಕ ಸಿಗುವುದಿಲ್ಲ

ವೈರ್‌ಲೆಸ್ ಚಾರ್ಜಿಂಗ್‌ನಲ್ಲಿ, ಅಂದರೆ ತಂತಿ ಜೋಡಿಸದೆ ಒಂದು ಕಾಯಿಲ್‌ನಿಂದ ಇನ್ನೊಂದಕ್ಕೆ ಪವರ್ ಕಳಿಸುವಾಗ, ಎರಡು ಕಾಯಿಲ್‌ಗಳ ನಡುವೆ 5 ಸೆಂ.ಮೀ. ಅಂತರವಿದ್ದರೆ ಎಷ್ಟು ವ್ಯಾಟ್ ದಾಟುತ್ತದೆ, ಸೂತ್ರ ಹೇಳಿ ಅಂದಿದ್ದೀರಿ. ಇಂಜಿನಿಯರಿಂಗ್ ಕೊನೆಯ ವರ್ಷ ನಾವೂ ಇದನ್ನೇ ಹುಡುಕಿದ್ದೆವು. ಹಾಗೊಂದು ಸೂತ್ರ ಇಲ್ಲ.

ಕಾರವಾರದ ಬೈತಖೋಲ ಬಂದರಿನ ದೋಣಿಗಳಲ್ಲಿ ಚಾರ್ಜಿಂಗ್ ಲೈಟಿನ ಪಿನ್ನು ಉಪ್ಪುನೀರಿಗೆ ಕಿಲುಬು ಹಿಡಿದು ಕೆಡುತ್ತಿತ್ತು. ಪಿನ್ನೇ ಇಲ್ಲದ, ಪೂರ್ತಿ ಮುಚ್ಚಿದ ಲೈಟ್ ಮಾಡೋಣ ಎಂದು ಹೊರಟೆವು. ಎರಡೂ ಕಡೆ 24 ಮೈಕ್ರೋಹೆನ್ರಿ ಕಾಯಿಲ್, ಸೀರೀಸ್‌ನಲ್ಲಿ ಕೆಪಾಸಿಟರ್, 100 ಕಿಲೋಹರ್ಟ್ಸ್‌ಗೆ ರೆಸೊನೆನ್ಸ್ (ಕಾಯಿಲ್ ಮತ್ತು ಕೆಪಾಸಿಟರ್ ಒಡ್ಡುವ ತಡೆಗಳು ಪರಸ್ಪರ ರದ್ದಾಗುವ ಸ್ಥಿತಿ). ಚಾರ್ಜ್ ಆಗುತ್ತಿತ್ತು. ಸ್ವಿಚ್ ಆಫ್ ಮಾಡದೆ ಲೈಟನ್ನು ಮೇಲೆತ್ತಿದೆವು, ಕಾಯಿಲಿಗೆ ಕರೆಂಟ್ ಹರಿಸುವ ಮಾಸ್‌ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ಸುಟ್ಟಿತು. ಬಿಡಿಭಾಗ ಕಳಪೆ ಇರಬೇಕು ಎಂದು ಹೊಸದು ಹಾಕಿ ಮತ್ತೆ ಎತ್ತಿದೆವು, ಅದೂ ಹೋಯಿತು. ಪ್ರಾಜೆಕ್ಟ್ ತೋರಿಸುವ ದಿನ ಕೈಯಲ್ಲಿ ಏನೂ ಇರಲಿಲ್ಲ.

ಟ್ರಾನ್ಸ್‌ಫಾರ್ಮರ್ ಪಾಠ ತಲೆಯಲ್ಲಿ ಕೂತಿತ್ತು: ಸೆಕೆಂಡರಿ (ಪವರ್ ಪಡೆಯುವ ಕಡೆ) ಬಿಡಿಸಿದರೆ ಪ್ರೈಮರಿ (ಪವರ್ ಕೊಡುವ ಕಡೆ) ಕರೆಂಟ್ ಇಳಿಯುತ್ತದೆ. ರೆಸೊನೆನ್ಸ್‌ನಲ್ಲಿ ಇದು ಉಲ್ಟಾ. ಕಾಯಿಲಿನ ಇಂಡಕ್ಟನ್ಸ್ ಕರೆಂಟಿಗೆ ಒಡ್ಡುವ ತಡೆಯನ್ನು ಕೆಪಾಸಿಟರ್ ಆಗಲೇ ರದ್ದು ಮಾಡಿರುತ್ತದೆ. ಕರೆಂಟನ್ನು ತಡೆಯಲು ಉಳಿಯುವುದು ತಂತಿಯ ರೆಸಿಸ್ಟೆನ್ಸ್, ಮತ್ತು ಆಚೆ ಕಡೆಯಿಂದ ಪ್ರತಿಫಲಿಸಿ ಬರುವ ರೆಸಿಸ್ಟೆನ್ಸ್. ಆ ಎರಡನೆಯದು ಒಮೆಗಾ (2π ಗುಣಿಸು ಆವರ್ತನ) ಗುಣಿಸು ಮ್ಯೂಚುವಲ್ ಇಂಡಕ್ಟನ್ಸ್ (ಎರಡು ಕಾಯಿಲ್‌ಗಳ ನಡುವಿನ ಇಂಡಕ್ಟನ್ಸ್), ಈ ಗುಣಲಬ್ಧದ ವರ್ಗ, ಭಾಗಿಸು ಸೆಕೆಂಡರಿಯ ಒಟ್ಟು ರೆಸಿಸ್ಟೆನ್ಸ್.

ಸೆಕೆಂಡರಿ 10 ಓಮ್, ಕಪ್ಲಿಂಗ್ (ಒಂದು ಕಾಯಿಲಿನ ಕಾಂತಕ್ಷೇತ್ರ ಇನ್ನೊಂದಕ್ಕೆ ಎಷ್ಟು ತಲುಪುತ್ತದೆ ಎಂಬ ಅಳತೆ) 0.2 ಇದ್ದಾಗ ಇದು ಸುಮಾರು 0.9 ಓಮ್. ಕಪ್ಲಿಂಗ್ 0.1ಕ್ಕೆ ಇಳಿದರೆ 0.23 ಓಮ್, ಅಂದರೆ ಕಾಲು ಭಾಗ. ಲೈಟ್ ಪೂರ್ತಿ ಎತ್ತಿದರೆ ಸೊನ್ನೆ. ತಂತಿಯದು 0.15 ಓಮ್ ಮಾತ್ರ. 12 ವೋಲ್ಟಿನ ಹಾಫ್ ಬ್ರಿಜ್ (ಎರಡು ಮಾಸ್‌ಫೆಟ್‌ಗಳ ಡ್ರೈವರ್) ಕೊಡುವ ಮೂಲ ಆವರ್ತನದ ಪಾಲು ಸುಮಾರು 5.4 ವೋಲ್ಟ್. ಹಾಗಾಗಿ 5 ಆಂಪಿಯರ್ ಇದ್ದ ಕರೆಂಟ್ ಲೆಕ್ಕದ ಪ್ರಕಾರ 36ಕ್ಕೆ ಹಾರುತ್ತದೆ. ಮಾಸ್‌ಫೆಟ್ ಉಳಿಯುವುದಾದರೂ ಹೇಗೆ?

ಇದೇ ಕಾರಣಕ್ಕೆ ಹತ್ತಿರ ತಂದಷ್ಟೂ ವ್ಯಾಟ್ ಹೆಚ್ಚು ಎಂಬುದೂ ಸುಳ್ಳು. ತೀರಾ ಹತ್ತಿರ ತಂದರೆ ಪ್ರತಿಫಲಿಸುವ ರೆಸಿಸ್ಟೆನ್ಸ್ ಏರಿ, ಪ್ರೈಮರಿ ಕರೆಂಟ್ ಕುಗ್ಗಿ, ಲೋಡಿಗೆ ಹೋಗುವ ಪವರ್ ಕಡಿಮೆಯಾಗುತ್ತದೆ.

ಕಪ್ಲಿಂಗ್ ಅನ್ನು ಅಂತರದಿಂದ ಊಹಿಸಬೇಡಿ, ಅಳೆಯಿರಿ. ಕಾಯಿಲ್‌ಗಳನ್ನು ಇಡುವ ಜಾಗದಲ್ಲೇ ಇಟ್ಟು, ಎರಡನ್ನೂ ಸೀರೀಸ್‌ನಲ್ಲಿ ಜೋಡಿಸಿ ಇಂಡಕ್ಟನ್ಸ್ ಅಳೆಯುವ ಎಲ್‌ಸಿಆರ್ ಮೀಟರ್‌ನಲ್ಲಿ ನೋಡಿ. ಒಂದರ ತುದಿ ಅದಲುಬದಲು ಮಾಡಿ ಮತ್ತೆ ನೋಡಿ. ವ್ಯತ್ಯಾಸವನ್ನು ನಾಲ್ಕರಿಂದ ಭಾಗಿಸಿದರೆ ಮ್ಯೂಚುವಲ್ ಇಂಡಕ್ಟನ್ಸ್ ಬಂತು. ಎರಡೂ ಕಾಯಿಲ್ ಒಂದೇ ತರಹದವಾದರೆ, ಅದನ್ನು ಒಂದು ಕಾಯಿಲಿನ ಇಂಡಕ್ಟನ್ಸಿನಿಂದ ಭಾಗಿಸಿದರೆ ಕಪ್ಲಿಂಗ್. ಡ್ರೈವರ್‌ಗೆ ಕರೆಂಟ್ ಲಿಮಿಟ್ ಹಾಕದೆ ಪವರ್ ಕೊಡಲೇಬೇಡಿ.

ನಿಮ್ಮ ಲೋಡ್ ಎಷ್ಟು ಓಮ್, ಸಪ್ಲೈ ಎಷ್ಟು ವೋಲ್ಟ್ ಎಂದು ಬರೆಯಿರಿ. ಅದನ್ನೇ ಹಾಕಿ ಲೆಕ್ಕ ಮಾಡಿ ಕೊಡುತ್ತೇನೆ.